ಸಪ್ಲೈಯರ್ ಬ್ಯಾಂಕ್ ಅಕೌಂಟ್ ಬದಲಾಗಿದೆ ಅಂತ ಮೇಲ್ ಬಂದಿದೆ. ನಂಬಬಹುದಾ?

ಪೀಣ್ಯ_ವರ್ಕ್‌ಶಾಪ್:
ನಮ್ಮದು ಪೀಣ್ಯದಲ್ಲಿ ಸಿಎನ್‌ಸಿ ಮಷೀನಿಂಗ್ ಕೆಲಸ. ಕಾಸ್ಟಿಂಗ್ ಕೊಯಮತ್ತೂರಿನಿಂದ ಬರುತ್ತದೆ. ನಿನ್ನೆ ಆ ಸಪ್ಲೈಯರ್ ಜೊತೆಗಿನ ಹಳೆಯ ಮೇಲ್‌ಗೇ ಉತ್ತರವಾಗಿ, "ಆಡಿಟ್ ನಡೀತಿದೆ, ಈ ಸಲ ಹೊಸ ಅಕೌಂಟ್‌ಗೆ ಹಾಕಿ" ಅಂತ ಬಂತು. ಬಿಲ್ ನಂಬರ್, ಮೊತ್ತ, ಲೆಟರ್‌ಹೆಡ್ ಎಲ್ಲ ಸರಿಯಾಗಿದೆ. ಆದರೆ ಐಎಫ್‌ಎಸ್‌ಸಿ ಕೋಡ್ ತಮಿಳುನಾಡಿನ ಬ್ರ್ಯಾಂಚಿನದಲ್ಲ ಅಂತ ನಮ್ಮ ಅಕೌಂಟೆಂಟ್ ಪೇಮೆಂಟ್ ತಡೆದಿದ್ದಾರೆ. ಮೋಸವೇ ಆಗಿದ್ದರೆ ನಮ್ಮ ಬಿಲ್ ವಿವರ ಅವರಿಗೆ ಸಿಕ್ಕಿದ್ದು ಹೇಗೆ? ಇನ್ನೊಂದು ವಿಷಯ, ಆಡಿಟರ್ ಅವರ ಆಫೀಸಿನಿಂದಲೇ ಟ್ಯಾಲಿ ನೋಡಲಿ ಅಂತ ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದೇವೆ. ಅದು ಪರವಾಗಿಲ್ಲ ಅಲ್ವಾ?

ಹುಬ್ಬಳ್ಳಿ_ಸಿಸ್ಟಮ್ಸ್:
ಸರ್, ನಿಮ್ಮ ಅಕೌಂಟೆಂಟ್‌ಗೆ ಮೊದಲು ಶಭಾಷ್ ಹೇಳಿ. ನಿಮ್ಮದೋ ಅವರದೋ ಮೇಲ್‌ಬಾಕ್ಸ್ ಕಳ್ಳರ ಕೈಗೆ ಸಿಕ್ಕಿರುವ ಸಾಧ್ಯತೆ ಜಾಸ್ತಿ. ಇವರಿಗೆ ಅವಸರ ಇರುವುದಿಲ್ಲ. ವಾರಗಟ್ಟಲೆ ಸುಮ್ನೆ ಓದುತ್ತಾ ಇದ್ದು, ದೊಡ್ಡ ಬಿಲ್ ಬಂದಾಗ ನಡುವೆ ನುಗ್ಗುತ್ತಾರೆ. ಮೇಲ್‌ಗಳ ಕಾಪಿ ತಮಗೆ ಬರುವಂತೆ ಕಳ್ಳರು ಫಾರ್ವರ್ಡಿಂಗ್ ಹಾಕಿಟ್ಟಿರಬಹುದು, ಮೇಲ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ತೆರೆದು ನೋಡಿ. ಬರೀ ಪಾಸ್‌ವರ್ಡ್ ಬದಲಿಸಿದರೆ ಆ ಫಾರ್ವರ್ಡಿಂಗ್ ಹಾಗೇ ಉಳಿಯುತ್ತದೆ. ಎಲ್ಲ ಡಿವೈಸ್‌ಗಳಿಂದ ಲಾಗ್‌ಔಟ್ ಮಾಡಿ, ಎರಡು ಹಂತದ ಲಾಗಿನ್ ಹಾಕಿ.

ರಿಮೋಟ್ ಡೆಸ್ಕ್‌ಟಾಪ್ ವಿಷಯ ನನಗೆ ಇನ್ನೂ ದೊಡ್ಡ ಚಿಂತೆ. ದಯವಿಟ್ಟು ಇವತ್ತೇ ಮುಚ್ಚಿ. ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು ಅಂದರೆ 3389 ಪೋರ್ಟ್, ಅದು ಇಂಟರ್ನೆಟ್‌ಗೆ ನೇರ ತೆರೆದಿದೆಯಾ ಅಂತ ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ಪೋರ್ಟ್ ನಂಬರ್ ಬದಲಿಸಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಒಳಗೆ ಬಂದವರು ಮೊದಲು ಬ್ಯಾಕಪ್ ಅಳಿಸುತ್ತಾರೆ. ಆಮೇಲೆ ಟ್ಯಾಲಿ ಡೇಟಾ ಲಾಕ್ ಮಾಡಿ ದುಡ್ಡು ಕೇಳುತ್ತಾರೆ. ಅದೇ ಕಂಪ್ಯೂಟರ್‌ಗೆ ಸದಾ ಚುಚ್ಚಿಟ್ಟ ಹಾರ್ಡ್ ಡಿಸ್ಕ್ ಕೂಡ ಲಾಕ್ ಆಗುತ್ತದೆ. ಎರಡು ಡಿಸ್ಕ್ ಇಟ್ಟುಕೊಳ್ಳಿ, ಒಂದಾದ ಮೇಲೊಂದು ಬಳಸಿ, ಕಾಪಿ ಆದ ತಕ್ಷಣ ಕಳಚಿ ಬೀರುವಿನಲ್ಲಿಡಿ. ಆಗಾಗ ರಿಸ್ಟೋರ್ ಮಾಡಿ ನೋಡಿ.

ಲೆಕ್ಕಪತ್ರ_ಮಂಗಳೂರು:
ಸಪ್ಲೈಯರ್‌ಗೆ ಫೋನ್ ಮಾಡಿ ಕೇಳಿ, ಆದರೆ ಆ ಮೇಲ್‌ನಲ್ಲಿರುವ ನಂಬರ್‌ಗಲ್ಲ. ಹಳೆಯ ಬಿಲ್‌ನಲ್ಲಿರುವ ನಂಬರ್‌ಗೆ ನೀವೇ ಮಾಡಬೇಕು. ಅವರಾಗಿ ಮಾಡಿದ ಕರೆಯನ್ನು ಈಗ ನಂಬುವಂತಿಲ್ಲ. ಅರೂಪ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೊ ಮೀಟಿಂಗ್‌ನಲ್ಲಿ ಮೇಲಧಿಕಾರಿಯನ್ನು ಕಂಡು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟರು. ಕಂಡ ಮುಖಗಳು ಎಐ ಬಳಸಿ ಮಾಡಿದ ನಕಲಿ. 2024ರಲ್ಲಿ ಬೆಳಕಿಗೆ ಬಂದ ಸಂಗತಿ ಇದು.

ನೆಟ್ ಬ್ಯಾಂಕಿಂಗ್‌ನಲ್ಲಿ ಪೇಮೆಂಟ್ ಹಾಕುವವರು (ಮೇಕರ್), ಅದನ್ನು ಒಪ್ಪುವವರು (ಚೆಕರ್) ಬೇರೆ ಬೇರೆ ಇರಲಿ. ಆರ್‌ಟಿಜಿಎಸ್, ಎನ್‌ಇಎಫ್‌ಟಿ ಮಾಡುವ ಮೊದಲೇ ಅಕೌಂಟ್ ಯಾರ ಹೆಸರಲ್ಲಿದೆ ಅಂತ ನೋಡುವ ಸೌಲಭ್ಯ 2025ರಿಂದ ಬಂದಿದೆ, ಬಳಸಿ. ಹಣ ಹೋಗಿಯೇಬಿಟ್ಟರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕ್, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ. ಆ ಹಣ ಕೈಯಿಂದ ಕೈಗೆ ದಾಟುವ ಮುಂಚೆ ತಡೆಯಬೇಕು, ಒಂದೊಂದು ಗಂಟೆಯೂ ಮುಖ್ಯ.

ಪೀಣ್ಯ_ವರ್ಕ್‌ಶಾಪ್:
ಹಳೆಯ ನಂಬರ್‌ಗೆ ಫೋನ್ ಮಾಡಿದೆ. ಅವರು ಮೇಲ್ ಕಳಿಸಿಯೇ ಇಲ್ಲ! ಅವರ ಮೇಲ್‌ಬಾಕ್ಸ್‌ನಲ್ಲಿ 'ಇನ್‌ವಾಯ್ಸ್' ಅಂತ ಇರುವ ಮೇಲ್ ಎಲ್ಲ ಯಾರದೋ ಜಿಮೇಲ್‌ಗೆ ಹೋಗುತ್ತಿತ್ತು. ಅವರ ಬೇರೆ ಗ್ರಾಹಕರಿಗೂ ಈಗ ಫೋನ್ ಮಾಡಿ ತಿಳಿಸುತ್ತಿದ್ದಾರೆ. ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿಸಿದೆ. ಆಡಿಟರ್‌ಗೆ ಬೇರೆ ದಾರಿ ಏನು?

ಹುಬ್ಬಳ್ಳಿ_ಸಿಸ್ಟಮ್ಸ್:
ಅವರಿಗೆ ದಿನಾ ನೋಡಬೇಕಿದ್ದರೆ ವಿಪಿಎನ್ (ಹೊರಗಿನವರಿಗೆ ಕಾಣದ ಖಾಸಗಿ ಸಂಪರ್ಕ) ಹಾಕಿಸಿ, ಅದಕ್ಕೂ ಎರಡು ಹಂತದ ಲಾಗಿನ್ ಇರಲಿ. ತಿಂಗಳಿಗೊಮ್ಮೆ ಸಾಕು ಅಂದರೆ ಟ್ಯಾಲಿ ಬ್ಯಾಕಪ್ ಫೈಲನ್ನು ಪಾಸ್‌ವರ್ಡ್ ಹಾಕಿ ಕಳಿಸಿ, ಪಾಸ್‌ವರ್ಡ್ ಫೋನಿನಲ್ಲಿ ಹೇಳಿ.