ಸಹಾಯ ಬೇಕು: ಮಾನಸಿಕ ಆರೋಗ್ಯ ಕಾಯ್ದೆ ಗೊತ್ತಿರುವ ವಕೀಲರು ಪುಣೆಯಲ್ಲಿ ಇದ್ದಾರಾ?

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ.

ನನ್ನ ತಮ್ಮ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾನೆ. ಹೋದ ವಾರ ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಹೆದರಿ, ರಾತ್ರಿ ರಸ್ತೆಗೆ ಓಡಿದ. ಅವನು ಒಪ್ಪದಿದ್ದರೂ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಆಗ ಬೇರೆ ದಾರಿ ಇರಲಿಲ್ಲ. ಈಗ ನಿದ್ದೆ ಬರುತ್ತಿದೆ, ಡಾಕ್ಟರ್ ಮೇಲೆ ನಮಗೆ ಕೋಪವಿಲ್ಲ.

ತೊಂದರೆ ಇರೋದು ಕಾಗದಪತ್ರದಲ್ಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ, ಹೀಗೆ ಸೇರಿಸುವ ಮೊದಲು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಏಳು ದಿನದೊಳಗೆ, ಇಂಥ ದಾಖಲಾತಿಗಳನ್ನು ಪರಿಶೀಲಿಸುವ ರಿವ್ಯೂ ಬೋರ್ಡ್‌ಗೆ ತಿಳಿಸಬೇಕು. ಈ ಸೆಕ್ಷನ್ ಅಡಿ 30 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ನಮಗೆ ತೋರಿಸಿದ ಫಾರ್ಮಿನಲ್ಲಿ ಎರಡನೇ ಸಹಿಯ ಜಾಗ ಖಾಲಿ. ಬೋರ್ಡ್‌ಗೆ ತಿಳಿಸಿದ್ದೀರಾ ಎಂದು ಕೇಳಿದರೆ ಕೌಂಟರಿನವರು “ನಂತರ ಬಘೂ” (ಆಮೇಲೆ ನೋಡೋಣ) ಅಂತಾರೆ. ತಮ್ಮನೋ ಮನೆಗೆ ಹೋಗಬೇಕು ಅಂತಿದ್ದಾನೆ. ಅವನ ಮಾತನ್ನು ಯಾರಾದರೂ ಸರಿಯಾಗಿ ಕೇಳಬೇಕು, ಅಲ್ವಾ?

ಇನ್ನೊಂದು. ಆಫೀಸಿನವರು ರಜೆಗೆ ಕಾಯಿಲೆಯ ಹೆಸರೇ ಬೇಕು ಎಂದು ಪಟ್ಟು ಹಿಡಿದಿದ್ದಾರೆ. 23ನೇ ಸೆಕ್ಷನ್ ಅವನಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಬರೀ ‘ಅನಾರೋಗ್ಯ’ ಎಂದು ಬರೆದ ಸರ್ಟಿಫಿಕೇಟ್ ಕೊಟ್ಟು ಯಾರಾದರೂ ರಜೆ ಪಡೆದಿದ್ದೀರಾ?

ಅಮ್ಮನಿಗೆ ಮರಾಠಿ ಬರುವುದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗೋಣ ಅಂತಾರೆ. ಹಾಗೆ ವರ್ಗಾವಣೆ ಮಾಡಿಸಿದವರಿದ್ದರೆ ಹೇಗೆ ಮಾಡಿದಿರಿ ಎಂದು ತಿಳಿಸಿ.

ಬೋರ್ಡ್‌ಗೆ ಅರ್ಜಿ ಹಾಕಿ ಅನುಭವ ಇರುವ ವಕೀಲರು, ಉಚಿತ ಕಾನೂನು ನೆರವು ಕೊಡುವವರು ಗೊತ್ತಿದ್ದರೆ ಇವತ್ತೇ ಮೆಸೇಜ್ ಮಾಡಿ. ಆಸ್ಪತ್ರೆಯ ಹೆಸರು, ತಮ್ಮನ ಹೆಸರು ದಯವಿಟ್ಟು ಇಲ್ಲಿ ಕೇಳಬೇಡಿ.