ಅಪ್‌ಡೇಟ್: ಮರಳಿ ಬಾರದ ವೈಮಾನಿಕರ ಹೆಸರು ಸಿಕ್ಕಿತು

ಇಂಗ್ಲೆಂಡಿನ ನಮ್ಮ ನೆರೆಮನೆಯ ಅಜ್ಜಿಯ ಅಣ್ಣ 1943ರಲ್ಲಿ ಬಾಂಬರ್ ವಿಮಾನದಲ್ಲಿ ಜರ್ಮನಿಯತ್ತ ಹೊರಟು ಕಣ್ಮರೆಯಾದರೆಂದೂ, ಅವರ ಸಮಾಧಿಯನ್ನು ಎಲ್ಲಿ ಹುಡುಕಬೇಕೆಂದೂ ಕೇಳಿದ್ದೆ. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳನ್ನು ನೋಡಿದಾಗ, ಸಮಾಧಿಯ ಬದಲು ರನ್ನಿಮೀಡ್ ಸ್ಮಾರಕದ ಫಲಕ ಸಂಖ್ಯೆ ದೊರೆಯಿತು. ಥೇಮ್ಸ್ ಕಣಿವೆಗೆ ಎದುರಾಗಿರುವ ಕೂಪರ್ಸ್ ಹಿಲ್‌ನಲ್ಲಿ, 1953ರಲ್ಲಿ ರಾಣಿ ಎರಡನೇ ಎಲಿಜಬೆತ್ ಅನಾವರಣಗೊಳಿಸಿದ ಈ ಸ್ಮಾರಕದಲ್ಲಿ, ಸಮಾಧಿ ಎಲ್ಲಿದೆಯೆಂದೇ ತಿಳಿಯದ 20,000ಕ್ಕೂ ಹೆಚ್ಚು ವೈಮಾನಿಕರ ಹೆಸರುಗಳನ್ನು ವರ್ಷವಾರು ಕೆತ್ತಲಾಗಿದೆ. ಅಜ್ಜಿಗೆ ಅಷ್ಟೇ ಸಾಕಾಯಿತು, ನನಗೆ ಸಾಲಲಿಲ್ಲ. ಲಂಡನ್ನಿನ ಕ್ಯೂ ಎಂಬ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ವಾಯುಪಡೆಯ ಸ್ಕ್ವಾಡ್ರನ್‌ಗಳ (ತುಕಡಿಗಳ) ಕಾರ್ಯಾಚರಣೆ ದಾಖಲೆಪುಸ್ತಕಗಳಿದ್ದು, ಅವುಗಳಿಂದ ಆ ರಾತ್ರಿಯ ಗುರಿಯೂ ಜೊತೆಗಾರರ ಹೆಸರುಗಳೂ ತಿಳಿದವು. ಅವರಲ್ಲಿ ಒಬ್ಬರ ಸಮಾಧಿಯಾದರೂ ನೆದರ್ಲೆಂಡ್ಸ್‌ನಲ್ಲೋ ಜರ್ಮನಿಯಲ್ಲೋ ಇದ್ದರೆ ವಿಮಾನ ಬಿದ್ದ ಜಾಗದ ಸುಳಿವು ಸಿಗಬಹುದೆಂದು, ಈಗ ಒಂದೊಂದೇ ಹೆಸರನ್ನು ಹುಡುಕುತ್ತಿದ್ದೇನೆ.