ಅಕ್ಕನಿಗೆ ಯಾವ ನಂಬರ್ ಕೊಡಲಿ? ಅವಳ ಫೋನ್ ಭಾವ ದಿನಾ ನೋಡುತ್ತಾನೆ

ಪೀಣ್ಯ_ಸೆಕೆಂಡ್_ಶಿಫ್ಟ್:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದಲ್ಲಿ ಲೇತ್ ಮೆಷಿನ್ ಕೆಲಸ ಮಾಡುತ್ತೇನೆ. ಅಕ್ಕನನ್ನು ತುಮಕೂರು ಜಿಲ್ಲೆಯ ಕೊಬ್ಬರಿ ಸೀಮೆಗೆ ಕೊಟ್ಟು ಏಳು ವರ್ಷ ಆಯಿತು. ನಾಲ್ಕು ವರ್ಷದ ಮಗಳಿದ್ದಾಳೆ. ಊರಿನ ಹೆಸರು ಬೇಡ, ಅಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಡೈರಿ ಹತ್ತಿರ ಬಂದಿರುತ್ತದೆ.

ಭಾವ ಹೊಡೆಯುತ್ತಾನೆ. ಇಷ್ಟು ವರ್ಷ ‘ಅವರು’ ಅಂತಲೇ ಕರೆದಿದ್ದೇನೆ, ಇಲ್ಲಿ ಬಹುವಚನ ಕೊಡೋಕೆ ಕೈ ಬರುತ್ತಿಲ್ಲ. ಕುಡಿದಾಗ ಮಾತ್ರ ಅಂತ ಮೊದಲು ಅಂದುಕೊಂಡಿದ್ದೆವು. ಈಗ ಕುಡಿಯದಿದ್ದಾಗಲೂ ಅಷ್ಟೇ. ರಾತ್ರಿ ಊಟ ಆದ ಮೇಲೆ ಅವಳ ಫೋನ್ ತೆಗೆದು ಯಾರಿಗೆ ಮಾಡಿದ್ದೀಯ, ಯಾರು ಮಾಡಿದ್ದರು ಅಂತ ನೋಡುತ್ತಾನೆ.

ಅಕ್ಕ ನನಗೆ ಫೋನ್ ಮಾಡುವುದು ಕೊಬ್ಬರಿಗೆ ಅಂತ ತೆಂಗಿನಕಾಯಿ ಒಣಗಲು ಹಾಕಿರುವ ಅಟ್ಟದಿಂದ. ಇಲಿ ಬಂದಿದೆಯಾ ನೋಡಿ ಬರುತ್ತೇನೆ ಅಂತ ಏಣಿ ಹತ್ತುತ್ತಾಳೆ. ಮಾತಿನ ಮಧ್ಯೆ ಒಂದೊಂದು ಕಾಯಿ ಎತ್ತಿ ಅಲ್ಲಾಡಿಸುತ್ತಾಳೆ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಗಲಗಲ ಅನ್ನುತ್ತದೆ. ಕೆಳಗಿರುವ ಅತ್ತೆಗೆ ಕೆಲಸ ನಡೆಯುತ್ತಿದೆ ಅನ್ನಿಸಬೇಕಲ್ಲ, ಅದಕ್ಕೆ. ಹೆಚ್ಚೆಂದರೆ ಐದು ನಿಮಿಷ. ಆಮೇಲೆ ನನ್ನ ನಂಬರ್ ಅಳಿಸಿ ಕೆಳಗಿಳಿಯುತ್ತಾಳೆ.

ಹೋದ ವಾರ ಅಂದಳು, "ಪಾಪು ಇಲ್ಲದೆ ಇದ್ದಿದ್ರೆ ಇಷ್ಟೊತ್ತಿಗೆ ನಾನೂ ಇರ್ತಿರಲಿಲ್ಲ ಕಣೋ." ಹೇಳಿ ನಕ್ಕಳು. ನಾನೂ ಏನೋ ಮಾತು ಮರೆಸಿದೆ. ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಹೋದ ವರ್ಷ ಅಪ್ಪ ಒಮ್ಮೆ ಅವಳನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರು. ಕಂಪ್ಲೇಂಟ್ ಬರೆದುಕೊಳ್ಳಲಿಲ್ಲ. ಭಾವನನ್ನೂ ಕರೆಸಿ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ, ಟೀ ಕೊಟ್ಟು ಕಳಿಸಿದರು. ಆ ರಾತ್ರಿ ಇನ್ನೂ ಜಾಸ್ತಿ ಬಿತ್ತು.

ವಾಟ್ಸಾಪಿನಲ್ಲಿ ಒಂದು ಸಹಾಯವಾಣಿ ಪಟ್ಟಿ ಓಡಾಡುತ್ತಿದೆ, ಹದಿನಾಲ್ಕು ನಂಬರ್. ಕೊಡುವ ಮುಂಚೆ ನಾನೇ ಮಾಡಿ ನೋಡಿದೆ. ಮೂರು ಹತ್ತಲೇ ಇಲ್ಲ. ಒಂದನ್ನು ಯಾವುದೋ ಅಂಗಡಿಯವರು ಎತ್ತಿ "ದಿನಾ ಇದೇ ಆಯ್ತಲ್ಲಪ್ಪ" ಅಂತ ಇಟ್ಟರು. ಅಟ್ಟದ ಮೇಲೆ ಐದು ನಿಮಿಷ ಸಿಗುವವಳಿಗೆ ಹದಿನಾಲ್ಕು ನಂಬರ್ ಹೇಗೆ ಕೊಡಲಿ? ಒಂದೋ ಎರಡೋ ಸಾಕು, ಬಾಯಿಪಾಠ ಆಗುವಂಥದ್ದು. ಮನಸ್ಸಿನ ವಿಷಯಕ್ಕೂ ಹೊಡೆತಕ್ಕೂ ಬೇರೆ ಬೇರೆನಾ? ಅವಳ ಪರವಾಗಿ ನಾನು ಮಾಡಿದರೆ ಕೇಳುತ್ತಾರಾ? ಏನಂತ ಮಾತು ಶುರು ಮಾಡಬೇಕು?

ಮುದ್ದೆ_ಬಸ್ಸಾರು:

ತಮ್ಮಾ, ಆ ನಗುವನ್ನು ನಂಬಬೇಡಿ. ಮುಂದಿನ ಸಲ ಮಾತು ಮರೆಸದೆ ನೇರವಾಗಿ ಕೇಳಿಬಿಡಿ, "ಅಕ್ಕಾ, ಸಾಯಬೇಕು ಅನ್ನಿಸುತ್ತಿದೆಯಾ?" ಅಂತ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಹೆದರುತ್ತಾರೆ. ಹಾಗಾಗಲ್ಲ. ನನ್ನನ್ನು ಯಾರಾದರೂ ಕೇಳಲಿ ಅಂತ ನಾನೇ ಎಷ್ಟು ದಿನ ಕಾದಿದ್ದೆ. ಹೌದು, ಹೇಗೆ ಅಂತಲೂ ಯೋಚನೆ ಮಾಡಿದ್ದೇನೆ ಅಂದಳೋ, ಅಲ್ಲಿಗೆ ಕಾಯಬೇಡಿ. ಯಾರನ್ನಾದರೂ ಅವಳ ಜೊತೆ ಇರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಕ್ಷಣದ ಅಪಾಯ ಅನ್ನಿಸಿದರೆ 112.

ಮನಸ್ಸಿನ ವಿಷಯಕ್ಕೆ 14416. ಟೆಲಿ ಮಾನಸ್ ಅನ್ನುತ್ತಾರೆ. 2022ರ ಅಕ್ಟೋಬರ್ 10ಕ್ಕೆ ಸರ್ಕಾರ ಶುರು ಮಾಡಿದ್ದು, ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಅದು ಹತ್ತದಿದ್ದರೆ 1800-891-4416.

ನಾನು 2023ರಲ್ಲಿ ಮಾಡಿದ್ದೆ, ಬಾಣಂತನದಲ್ಲಿ. ಮಗು ಅತ್ತರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅದೇ ಹೆದರಿಕೆ. ಮೊದಲ ಸಲ ಭಾಷೆ ಆರಿಸಿಕೊಳ್ಳಿ ಅಂತ ಕಂಪ್ಯೂಟರ್ ಧ್ವನಿ ಬಂದ ಕೂಡಲೇ ಇಟ್ಟುಬಿಟ್ಟೆ. ಎರಡನೇ ಸಲ ರಾತ್ರಿ ಎರಡೂವರೆಗೆ, ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಾಡಿದೆ. ಕನ್ನಡ ಆರಿಸಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು. ನಾನು ಸುಮ್ನೆ ಅಳುತ್ತಿದ್ದೆ. "ಪರವಾಗಿಲ್ಲ, ನಾನು ಲೈನಿನಲ್ಲೇ ಇದ್ದೇನೆ" ಅಂದಳು. ಆಮೇಲೆ ಕೇಳಿದ ಮೊದಲ ಪ್ರಶ್ನೆ, ಈಗ ನಿಮ್ಮ ಹತ್ತಿರ ಯಾರಿದ್ದಾರೆ ಅಂತ. ಅಮ್ಮ ಒಳಗೆ ಮಲಗಿದ್ದಾರೆ ಅಂದೆ. "ಹೋಗಿ ಎಬ್ಬಿಸುತ್ತೀರಾ?" ಎಬ್ಬಿಸಿದೆ. ನಾನು ಬಾಯಲ್ಲಿ ಹೇಳಲಾರದೆ ಫೋನನ್ನೇ ಅಮ್ಮನ ಕೈಗೆ ಕೊಟ್ಟೆ.

ಹೀಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಮಾತು ಶುರು ಮಾಡೋಕೆ ಏನೂ ಬೇಕಾಗಿಲ್ಲ. ಮನೆಯವರೂ ಮಾಡಬಹುದು. ನಿದ್ದೆ ಇಲ್ಲ ಅಂತೀರಲ್ಲ, ನೀವು ನಿಮಗೋಸ್ಕರವೂ ಮಾಡಿ.

ಹೊಳೆದಂಡೆ_ರಂಗಣ್ಣ:

ತಪ್ಪು ತಿಳಿಯಬೇಡಿ. ಫೋನು, ಕೇಸು ಅಂತ ಹೋದರೆ ಸಂಸಾರ ಮುರಿಯುತ್ತದೆ. ಎರಡೂ ಕಡೆ ಹಿರಿಯರನ್ನು ಕೂರಿಸಿ ಒಂದು ಮಾತು ಆಡಿ ನೋಡಬಾರದಾ? ಹೆಣ್ಣುಮಗು ಬೇರೆ ಇದೆ.

ಸಾಂತ್ವನದಲ್ಲಿ_ಇದ್ದವಳು:

ರಂಗಣ್ಣನವರೇ, ಠಾಣೆಯಲ್ಲಿ ಟೀ ಕೊಟ್ಟು ಕಳಿಸಿದ್ದೂ ಒಂದು ಪಂಚಾಯಿತಿಯೇ ಅಲ್ವಾ? ಅವತ್ತು ರಾತ್ರಿ ಏನಾಯಿತು ಅಂತ ಹುಡುಗ ಬರೆದಿದ್ದಾನೆ. ಹೊಡೆಯುವವನ ಎದುರಿಗೆ ಹೊಡೆಸಿಕೊಂಡವಳನ್ನು ಕೂರಿಸಿ "ಹೇಳಮ್ಮ" ಅಂದರೆ ಅವಳು ಏನು ಹೇಳುತ್ತಾಳೆ? ನಾನು ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಒಟ್ಟಿಗೆ ಕೂರಿಸಿ ಮಾತಾಡಿಸಿದ ದಿನವೇ ಜಾಸ್ತಿ ಹೊಡೆತ ತಿಂದವರು ಎಷ್ಟೋ ಜನ.

ತಮ್ಮಾ, ಹೊಡೆತದ ವಿಷಯಕ್ಕೆ 181, ಮಹಿಳಾ ಸಹಾಯವಾಣಿ. ನಿನಗೆ ಬೇಕಾದ ಎರಡು ನಂಬರ್ ಇವೇ, 181 ಮತ್ತು 14416. ಹೊಡೆತ ನಡೆಯುತ್ತಿರುವಾಗಲೇ ಆದರೆ 181 ಅಲ್ಲ, 112.

181ಕ್ಕೆ ನೀನು ಮಾಡಬಹುದು. ಮೊದಲ ಮಾತಿನಲ್ಲೇ ಇಷ್ಟು ಹೇಳು: "ಹೊಡೆತ ತಿನ್ನುತ್ತಿರುವುದು ನಮ್ಮ ಅಕ್ಕ, ನಾನು ಬೆಂಗಳೂರಿನಲ್ಲಿದ್ದೇನೆ, ಅವಳ ಫೋನಿಗೆ ನೀವಾಗಿ ಮಾಡಬೇಡಿ, ಗಂಡ ನೋಡುತ್ತಾನೆ." ಎಲ್ಲಕ್ಕಿಂತ ಮುಖ್ಯ ಇದೇ. ನಮ್ಮ ಕಾಲದಲ್ಲಿ ಒಬ್ಬ ಹೊಸ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ವಾಪಸ್ ಫೋನ್ ಮಾಡಿಬಿಟ್ಟಳು, ಗಂಡ ಎತ್ತಿದ. ಆ ಹೆಂಗಸು ಮತ್ತೆ ನಮ್ಮ ಕೇಂದ್ರದ ಬಾಗಿಲಿಗೆ ಬರಲಿಲ್ಲ. ಇವತ್ತಿಗೂ ನೆನಪಾಗುತ್ತದೆ.

ಇನ್ನು ಕಾನೂನು. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರದ್ದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೀಗೆ ನಡೆಯುತ್ತಿದೆ ಅಂತ ನಂಬೋಕೆ ಕಾರಣ ಇದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಬೀಳಲ್ಲ. ಆ ಅಧಿಕಾರಿ ಯಾರು ಗೊತ್ತಾ? ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ. ಅಂಗನವಾಡಿ ನೋಡಿಕೊಳ್ಳುತ್ತಾರಲ್ಲ, ಅವರೇ. ಪಾಪುಗೆ ನಾಲ್ಕು ವರ್ಷ ಅಂದೆ, ಅಂಗನವಾಡಿಗೆ ಹೋಗುತ್ತಿರಬೇಕು. ಅಕ್ಕ ದಿನಾ ಬಿಡೋಕೆ ಹೋಗುತ್ತಾಳೆ, ಯಾರಿಗೂ ಅನುಮಾನ ಬರಲ್ಲ. ಟೀಚರ್ ಫೋನಿನಿಂದಲೇ 181 ಆಗಲಿ ಸಿಡಿಪಿಒ ಆಗಲಿ ಸಿಗುತ್ತಾರೆ, ಅವಳ ಫೋನಿನಲ್ಲಿ ಏನೂ ಉಳಿಯಲ್ಲ. ಆದರೆ ಆ ಟೀಚರ್ ಯಾರ ಕಡೆಯವರು ಅಂತ ಮೊದಲು ಅಕ್ಕನನ್ನೇ ಕೇಳು. ಗಂಡನ ದೊಡ್ಡಮ್ಮನ ಮಗಳೋ ಏನೋ ಆಗಿದ್ದರೆ ಆ ದಾರಿ ಬೇಡ.

ಮನೆ ಬಿಡಲೇಬೇಕು ಅಂತಾದರೆ ಜಿಲ್ಲೆಗೊಂದು ಸಖಿ ಕೇಂದ್ರ ಇದೆ, ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯ ಆವರಣದಲ್ಲೇ. ಡಾಕ್ಟರು, ಪೊಲೀಸು, ವಕೀಲರು, ಆಪ್ತ ಸಮಾಲೋಚಕಿ ಎಲ್ಲ ಅಲ್ಲಿಂದಲೇ. ಐದು ದಿನದವರೆಗೆ ಉಳಿಯಬಹುದು, ಪಾಪುವನ್ನೂ ಕರೆದುಕೊಂಡು. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ ಬೇರೆ ವಸತಿಗೆ ಅವರೇ ಕಳಿಸುತ್ತಾರೆ. ಗಾಯ ಇದ್ದರೆ ಡಾಕ್ಟರಿಗೆ "ಬಚ್ಚಲಲ್ಲಿ ಜಾರಿ ಬಿದ್ದೆ" ಅನ್ನದೆ ಇದ್ದದ್ದು ಇದ್ದ ಹಾಗೆ ಹೇಳಬೇಕು, ಎಂಎಲ್‌ಸಿ ಮಾಡಿಸಬೇಕು, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಹಾಗೆ ಆಸ್ಪತ್ರೆಯವರು ಗಾಯವನ್ನು ದಾಖಲಿಸುವುದು. ಮುಂದೆ ಕೋರ್ಟಿನಲ್ಲಿ ಮಾತಾಡುವುದು ಆ ಕಾಗದ.

ಕೊನೆಗೆ ಒಂದು, ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ಹೊರಡುವುದೋ ಇರುವುದೋ ಅವಳು ತೀರ್ಮಾನ ಮಾಡಲಿ. ನೀನು ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಬೈಕಿನಲ್ಲಿ ಹೋಗಿ ಅವನ ಕಾಲರ್ ಹಿಡಿಯಬೇಡ. ನೀನು ವಾಪಸ್ ಬಂದ ಮೇಲೆ ಬಾಗಿಲು ಹಾಕಿಕೊಂಡು ಅವನ ಜೊತೆ ಉಳಿಯುವವಳು ಅವಳು.

ತಾಲ್ಲೂಕು_ಕೋರ್ಟ್_ಕ್ಲರ್ಕ್:

ಮೇಡಂ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಹೆಂಗಸರಿಗೆ ವಕೀಲರು ಉಚಿತ, ಆದಾಯ ಎಷ್ಟು ಅಂತ ನೋಡಲ್ಲ. ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಫೋನ್ ಆದರೆ 15100. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸ ಇರುವ ಹಕ್ಕು ಹೆಂಡತಿಗೆ ಇದೆ. ಈ ಕಾಯ್ದೆಯಡಿ ಕೋರ್ಟಿಗೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ಡೇಟ್ ಕೊಡಬೇಕು, ಅರವತ್ತು ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ಅರವತ್ತು ದಿನದಲ್ಲಿ ಮುಗಿದದ್ದನ್ನು ನಾನಂತೂ ಕಂಡಿಲ್ಲ, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಕೇಸ್ ಮುಗಿಯುವ ಮುಂಚೆಯೇ ಸಿಗುವ ಮಧ್ಯಂತರ ಆದೇಶ ಕೇಳಿಕೊಳ್ಳಿ.

ಪೀಣ್ಯ_ಸೆಕೆಂಡ್_ಶಿಫ್ಟ್:

ಒಂಬತ್ತು ದಿನ ಆಯಿತು, ಬರೆಯೋಕೆ ಆಗಿರಲಿಲ್ಲ.

ಮೇಡಂ, ಬೈಕಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು? ಮೂರು ಜನ ರೆಡಿ ಆಗಿದ್ದರು. ಬೇಡ ಅಂದೆ.

181ಕ್ಕೆ ಮಾಡಿದೆ. ನೀವು ಬರೆದ ಮಾತನ್ನೇ ಕಾಗದದಲ್ಲಿ ಬರೆದುಕೊಂಡು, ಕ್ಯಾಂಟೀನ್ ಹಿಂದೆ ನಿಂತು ಓದಿದೆ. ಅವರು ಅಕ್ಕನ ನಂಬರನ್ನೇ ಕೇಳಲಿಲ್ಲ. ಯಾವ ಹೊತ್ತಿಗೆ ಒಬ್ಬಳೇ ಸಿಗುತ್ತಾಳೆ ಅಂತ ಕೇಳಿದರು.

ಅಂಗನವಾಡಿ ಟೀಚರ್ ಬೇರೆ ಊರಿಂದ ಬಂದು ಹೋಗುವವರಂತೆ. ಸೋಮವಾರ ಅಕ್ಕ ಅವರ ಫೋನಿನಿಂದ ಇಪ್ಪತ್ತು ನಿಮಿಷ ಮಾತಾಡಿದ್ದಾಳೆ, ಸಿಡಿಪಿಒ ಮೇಡಂ ಜೊತೆ. ಅಷ್ಟು ಹೊತ್ತು ಪಾಪು ಅಲ್ಲಿ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದಾಳೆ.

ಬಸ್ಸಾರು ಅಕ್ಕ, ನೀವು ಹೇಳಿದ ಹಾಗೆ ನೇರವಾಗಿ ಕೇಳಿದೆ. ಕಾಯಿ ಅಲ್ಲಾಡಿಸುವ ಸದ್ದು ನಿಂತುಹೋಯಿತು. ತುಂಬ ಹೊತ್ತಿನ ಮೇಲೆ "ಅನ್ನಿಸುತ್ತೆ, ಆದರೆ ಏನೂ ಮಾಡ್ಕೊಳಲ್ಲ" ಅಂದಳು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರ್ ಬರುತ್ತಾರೆ, ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ, ಅದನ್ನು 14416ರವರು ಹೇಳಿದರು. ಪಾಪುಗೆ ಕೆಮ್ಮು ಅಂತ ನೆಪ ಹೇಳಿ ಹೋಗಿ ಬಂದಳು, ಅಮ್ಮ ಜೊತೆಗಿದ್ದರು. ಆದರೆ ಅವಳಿಗೆ ಒಂದು ಹೆದರಿಕೆ. ‘ತಲೆ ಸರಿ ಇಲ್ಲದವಳು’ ಅಂತ ಹೇಳಿ ಪಾಪುವನ್ನು ಅವನು ಇಟ್ಟುಕೊಂಡುಬಿಟ್ಟರೆ?

ಸಾಂತ್ವನದಲ್ಲಿ_ಇದ್ದವಳು:

ಈ ಮಾತನ್ನು ಗಂಡಂದಿರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ, ಗಂಡ ಹೋಗಿ ಕೇಳಿದ ಅಂತ ಸುಮ್ನೆ ಚೀಟಿ ಕೊಡೋಕೆ ಬರಲ್ಲ. ಡಾಕ್ಟರ್ ಹತ್ತಿರ ಹೋದಳು ಅನ್ನುವ ಒಂದೇ ಕಾರಣಕ್ಕೆ ತಾಯಿಯಿಂದ ಮಗು ಕಿತ್ತುಕೊಳ್ಳೋಕೂ ಆಗಲ್ಲ. ಪಾಪು ತಾತ್ಕಾಲಿಕವಾಗಿ ತನ್ನ ಹತ್ತಿರವೇ ಇರಲಿ ಅಂತ ಅದೇ ಕೌಟುಂಬಿಕ ಹಿಂಸೆಯ ಅರ್ಜಿಯಲ್ಲಿ ಕೇಳಬಹುದು, ವಕೀಲರಿಗೆ ಇದನ್ನು ಮೊದಲೇ ಹೇಳಲಿ. ಆಸ್ಪತ್ರೆ ಚೀಟಿ ಆ ಮನೆಯಲ್ಲಿ ಇಡಬೇಡಿ, ಅಮ್ಮನ ಹತ್ತಿರ ಇರಲಿ.

ಅವಳ ಮಾರ್ಕ್ಸ್ ಕಾರ್ಡ್, ಆಧಾರ್, ಪಾಪುವಿನ ಜನನ ಪತ್ರ ಎಲ್ಲಿವೆ?

ಪೀಣ್ಯ_ಸೆಕೆಂಡ್_ಶಿಫ್ಟ್:

ಮಾರ್ಕ್ಸ್ ಕಾರ್ಡ್ ನಮ್ಮ ಮನೆಯಲ್ಲೇ ಇದೆ. ಉಳಿದೆರಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟದ ಮೇಲೆ ಕಾಯಿ ಅಡಿಯಲ್ಲಿ ಇಟ್ಟಿದ್ದಾಳಂತೆ. ಭಾವನಿಗೆ ಮಂಡಿ ನೋವು, ಅಟ್ಟ ಹತ್ತಲ್ಲ.